‘ಇರಲಿ ಬಿಡಿ, ಮುಂದೆ ಬೇಕಾಗಬಹುದು’: ಸತ್ತ ಕೋಡ್ ಅಳಿಸೋಕೆ ಯಾಕಿಷ್ಟು ಹೆದರಿಕೆ?

ಅಟ್ಟದ_ಇಲಿ (ಪ್ರಶ್ನೆ ಕೇಳಿದವರು)

ಯಾವ ಹಳೇ ಪ್ರಾಜೆಕ್ಟ್ ತೆರೆದ್ರೂ ಒಂದೇ ದೃಶ್ಯ. ಎರಡು ಸಾವಿರ ಸಾಲಿನ ಫೈಲು, ಅದರಲ್ಲಿ ಆರುನೂರು ಸಾಲು ಕಮೆಂಟ್ ಹೊದಿಸಿ ಮಲಗಿಸಿರೋದು. ಇನ್ನೂ ಕೆಳಗೆ ಹೋದ್ರೆ ‘ಕ್ಯಾಲ್ಕ್‌ಟ್ಯಾಕ್ಸ್’, ಅದರ ತಮ್ಮ ‘ಕ್ಯಾಲ್ಕ್‌ಟ್ಯಾಕ್ಸ್2’, ಆಮೇಲೆ ‘ಕ್ಯಾಲ್ಕ್‌ಟ್ಯಾಕ್ಸ್‌ನ್ಯೂ’, ಕೊನೆಗೆ ‘ಕ್ಯಾಲ್ಕ್‌ಟ್ಯಾಕ್ಸ್‌ನ್ಯೂಫೈನಲ್’. ಹೆಸರು ನೋಡಿ ಕೊನೇದೇ ಜೀವಂತ ಅಂದ್ಕೊಂಡ್ರೆ ಕೆಟ್ರಿ. ಇನ್‌ವಾಯ್ಸ್ ಕರೆಯೋದು ‘2’ನ್ನ, ರಿಪೋರ್ಟ್ ಕರೆಯೋದು ‘ನ್ಯೂ’ನ. ‘ಫೈನಲ್’ ಅನ್ನು ಯಾರೂ ಕರೆಯಲ್ಲ.

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯ್ತಲ್ಲ, ಇಂಥ ಫೈಲಿನಲ್ಲಿ ಅದನ್ನು ನಾಲ್ಕು ಕಡೆ ತಿದ್ದಬೇಕು. ಮೂರು ಕಡೆ ತಿದ್ದಿ ಒಂದು ಮರೆತ್ರೆ ಬಿಲ್ಲಿನಲ್ಲೊಂದು ಲೆಕ್ಕ, ರಿಪೋರ್ಟಿನಲ್ಲೊಂದು ಲೆಕ್ಕ. ಅಳಿಸೋಣ ಅಂದ್ರೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಓಡ್ತಾ ಇದೆಯಲ್ಲ, ಯಾಕೆ ಕೈ ಹಾಕ್ತೀರಿ?’

ನನ್ನ ಪ್ರಶ್ನೆ ಎರಡು. ಬಳಸದ ಕೋಡ್ ಸುಮ್ಮನೆ ಬಿದ್ದಿದ್ರೆ ನಿಜವಾಗ್ಲೂ ಏನಾದ್ರೂ ಹಾನಿ ಇದೆಯಾ? ಇದ್ರೆ, ಏನೂ ಮುರಿಯದ ಹಾಗೆ ಅಳಿಸೋ ಕ್ರಮ ಯಾವುದು?

ಕಮಿಟ್_ಕಾವೇರಿ

ಗಿಟ್ ಇದೆ, ಕೋಡಿನ ಹಳೇ ರೂಪ ಎಲ್ಲ ಅದರಲ್ಲಿ ಉಳಿದಿರುತ್ತೆ. ಅಳಿಸಿ.

ಹಳೇ_ಬೇರು

ಕಾವೇರಿಯವರೇ, ಅಷ್ಟು ಸಲೀಸಲ್ಲ. ಗಿಟ್‌ನಲ್ಲಿ ಇದೆ ಅನ್ನೋದು ನಿಜ, ಆದ್ರೆ ಇದೆ ಅಂತ ಗೊತ್ತಿದ್ದವರು ಮಾತ್ರ ಹುಡುಕ್ತಾರೆ. ಎರಡು ವರ್ಷ ಆದ್ಮೇಲೆ ಹೊಸದಾಗಿ ಸೇರಿದವರಿಗೆ ‘ಈ ಕೆಲಸಕ್ಕೆ ಹಿಂದೆ ಒಂದು ಫಂಕ್ಷನ್ ಇತ್ತು’ ಅಂತ ಯಾರು ಹೇಳ್ತಾರೆ? ಕಮೆಂಟಲ್ಲಿ ಇದ್ರೆ ಕಣ್ಣಿಗಾದ್ರೂ ಬೀಳುತ್ತೆ. ನನ್ನ ಮತ ‘ಇರಲಿ’.

ಡಿಫ್_ದ್ಯಾಮಣ್ಣ

ಹುಡುಕಾಕ ಬರೂದಿಲ್ಲ ಅನ್ನೂದು ಸುಳ್ಳರಿ. ಗಿಟ್ ಲಾಗ್ ಕಮಾಂಡಿಗೆ ದೊಡ್ಡ ‘ಎಸ್’ ಆಪ್ಷನ್ ಕೊಟ್ಟು ಫಂಕ್ಷನ್ ಹೆಸರು ಬರೀರಿ. ಆ ಹೆಸರು ಎಷ್ಟು ಸಲ ಐತಿ ಅನ್ನೂ ಎಣಿಕಿ ಯಾವ್ಯಾವ ಕಮಿಟ್‌ನ್ಯಾಗ (ಗಿಟ್‌ನ್ಯಾಗ ಒಂದ್ ಸಲಕ್ಕ ಉಳಿಸಿದ ಬದಲಾವಣಿ) ಬದಲಾತು, ಅಷ್ಟೂ ಬರ್ತಾವ. ಅಂದ್ರ ಹುಟ್ಟಿದ ಕಮಿಟ್ಟೂ ಸಿಗತೈತಿ, ಸತ್ತ ಕಮಿಟ್ಟೂ ಸಿಗತೈತಿ. ಹೆಸರು ಪೂರ್ತಿ ನೆನಪಿಲ್ಲಂದ್ರ ದೊಡ್ಡ ‘ಜಿ’ ಆಪ್ಷನ್ ಹಾಕ್ರಿ, ಅದು ರೆಜೆಕ್ಸ್, ಅಂದ್ರ ಅಕ್ಷರಗಳ ಮಾದರಿ, ತಗೋತೈತಿ. ಫೈಲನ್ನ ಅಳಿಸಿದ್ರ ‘ಡಿಫ್ ಫಿಲ್ಟರ್’ಗೆ ‘ಡಿ’ ಕೊಡ್ರಿ, ಫೈಲ್ ಅಳಿಸಿದ ಕಮಿಟ್ ಅಷ್ಟೂ ಬರ್ತಾವ.

ಆದ್ರ ಇದಕ್ಕೊಂದು ಶರತ್ತು ಐತಿ. ಅಳಿಸೂ ಕಮಿಟ್‌ನ್ಯಾಗ ಅಳಿಸೂದು ಬಿಟ್ಟು ಬ್ಯಾರೆ ಏನೂ ಇರಬಾರ್ದು. ಹೊಸ ಫೀಚರ್, ಫಾರ್ಮ್ಯಾಟಿಂಗ್, ಹೆಸರು ಬದಲಿ, ಅಳಿಸಿದ್ದು, ಎಲ್ಲಾ ಒಂದ ಕಮಿಟ್‌ಗೆ ತುಂಬಿ ‘ಫಿಕ್ಸಸ್’ ಅಂತ ಮೆಸೇಜ್ ಬರದ್ರ, ನಾಳಿ ರಿವರ್ಟ್ ಮಾಡಾಕ (ಆ ಕಮಿಟ್ ವಾಪಸ್ ತಗಿಯಾಕ) ಹೋದಾಗ ಹೊಸ ಫೀಚರೂ ಹೋಗತೈತಿ. ಮೆಸೇಜಿನ್ಯಾಗ ಮೂರು ಮಾತು ಬರೀರಿ: ಏನು ತೆಗದ್ರಿ, ಯಾಕ ತೆಗದ್ರಿ, ಅದರ ಬದ್ಲಿ ಈಗ ಯಾವುದು ಐತಿ.

ಇನ್ನ ಕಮೆಂಟ್ ಹಾಕಿಟ್ಟ ಕೋಡ್ ಬಗ್ಗೆ. ಅದನ್ನ ಕಂಪೈಲರ್ ನೋಡೂದಿಲ್ಲ, ಟೆಸ್ಟ್ ಓಡಸೂದಿಲ್ಲ, ರೀನೇಮ್ ಮಾಡಿದಾಗ ಎಡಿಟರೂ ಅದನ್ನ ನಂಬುವಂಗ ತಿದ್ದೂದಿಲ್ಲ. ಆರು ತಿಂಗಳಿಗೆ ಅದರಾಗಿನ ವೇರಿಯೇಬಲ್ ಹೆಸರೂ ಉಳಿದಿರೂದಿಲ್ಲ. ಕಮೆಂಟ್ ತೆಗದ್ರ ಓಡತೈತಿ ಅನ್ನೂ ಭರವಸೆ ಯಾರಿಗೂ ಇಲ್ಲ. ಮತ್ತ ಇಟ್ಟು ಏನ್ ಉಪಯೋಗ?

ಸರ್ವರ್_ಸಾವಿತ್ರಿ

ಹಾನಿ ಇದೆಯಾ ಅಂತ ಕೇಳಿದವರಿಗೆ ನೈಟ್ ಕ್ಯಾಪಿಟಲ್ ಕಥೆ ಸಾಕು. 2012ರ ಆಗಸ್ಟ್ 1. ಅಮೆರಿಕದ ಷೇರು ವ್ಯವಹಾರದ ಕಂಪನಿ. ನ್ಯೂಯಾರ್ಕ್ ಷೇರುಪೇಟೆ ಅವತ್ತು ಶುರು ಮಾಡ್ತಿದ್ದ ಹೊಸ ಯೋಜನೆಗೆ ಇವರು ತಮ್ಮ ಆರ್ಡರ್ ರೂಟರ್‌ಗೆ ಹೊಸ ಕೋಡ್ ಬರೆದ್ರು. ಆ ರೂಟರ್‌ನಲ್ಲಿ ‘ಪವರ್ ಪೆಗ್’ ಅನ್ನೋ ಹಳೇ ಫಂಕ್ಷನ್ ಬಿದ್ದಿತ್ತು. 2003ರಲ್ಲೇ ಬಳಕೆ ನಿಲ್ಲಿಸಿದ್ದು, ಒಂಬತ್ತು ವರ್ಷ ಯಾರೂ ಅಳಿಸಿರಲಿಲ್ಲ. ಸಾಲದ್ದಕ್ಕೆ, ಪವರ್ ಪೆಗ್ ಚಾಲೂ ಮಾಡೋ ಫ್ಲ್ಯಾಗನ್ನೇ (ಆನ್-ಆಫ್ ಗುರುತು) ಹೊಸ ಕೋಡಿಗೂ ಇಟ್ರು.

ಸರ್ವರ್ ಇದ್ದಿದ್ದು 8. ಹೊಸ ಕೋಡ್ ಹೋಗಿದ್ದು 7ಕ್ಕೆ. ಎಂಟನೇದರಲ್ಲಿ ಹಳೇದೇ ಉಳೀತು. ಬೆಳಿಗ್ಗೆ 9:30ಕ್ಕೆ ಪೇಟೆ ತೆರೀತು, ಫ್ಲ್ಯಾಗ್ ಬಂತು, ಎಂಟನೇ ಸರ್ವರ್‌ನಲ್ಲಿ ಪವರ್ ಪೆಗ್ ಎದ್ದು ಕೂತು ಆರ್ಡರ್ ಮೇಲೆ ಆರ್ಡರ್ ಕಳಿಸೋಕೆ ಶುರು ಮಾಡ್ತು. 45 ನಿಮಿಷದಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟು, 154 ಕಂಪನಿಗಳ ಷೇರು, ನಷ್ಟ 46 ಕೋಟಿ ಡಾಲರ್ ದಾಟ್ತು. ಆ ಕಂಪನಿ ತನ್ನ ಕಾಲ ಮೇಲೆ ನಿಂತುಕೊಳ್ಳೋಕೆ ಆಗ್ಲೇ ಇಲ್ಲ, ಮುಂದೆ ಇನ್ನೊಂದರ ಜೊತೆ ಸೇರಿಹೋಯ್ತು.

ಹಳೇ_ಬೇರು

ಇದು ಡಿಪ್ಲಾಯ್‌ಮೆಂಟ್ ತಪ್ಪು ಸಾವಿತ್ರಿಯವರೇ, ಸತ್ತ ಕೋಡಿನ ತಪ್ಪಲ್ಲ. ಎಂಟೂ ಸರ್ವರಿಗೆ ಹೋಗಿದ್ರೆ ಏನೂ ಆಗ್ತಿರಲಿಲ್ಲ. ಕೈಯಲ್ಲಿ ಕಾಪಿ ಮಾಡಿದ್ರು, ಇನ್ನೊಬ್ರು ಪರಿಶೀಲಿಸ್ಲಿಲ್ಲ. ಅಷ್ಟೇ.

ಸರ್ವರ್_ಸಾವಿತ್ರಿ

ಅಷ್ಟೇ ಅಲ್ಲ. ಅಮೆರಿಕದ ಷೇರು ನಿಯಂತ್ರಣ ಆಯೋಗ 2013ರ ಅಕ್ಟೋಬರ್‌ನಲ್ಲಿ 1.2 ಕೋಟಿ ಡಾಲರ್ ದಂಡ ಹಾಕಿದ ಆದೇಶದಲ್ಲಿ ಇನ್ನೊಂದು ವಿಷಯ ಇದೆ, ಅದನ್ನು ಜನ ಬಿಟ್ಟುಬಿಡ್ತಾರೆ. ಪವರ್ ಪೆಗ್ ಮೂಲದಲ್ಲಿ ಅಪಾಯಕಾರಿ ಆಗಿರಲಿಲ್ಲ. ಬೇಕಾದಷ್ಟು ಷೇರು ಸಿಕ್ಕಿದೆಯಾ ಅಂತ ಎಣಿಸಿ ನಿಲ್ಲಿಸೋ ಒಂದು ಲೆಕ್ಕ ಅದಕ್ಕಿತ್ತು. 2005ರಲ್ಲಿ ಆ ಎಣಿಕೆಯನ್ನು ಕೋಡಿನ ಬೇರೆ ಜಾಗಕ್ಕೆ ಎತ್ತಿಟ್ಟರು. ಪವರ್ ಪೆಗ್ ಹೇಗೂ ಬಳಕೆಯಲ್ಲಿಲ್ಲ ಅಂತ ಅದನ್ನು ಮತ್ತೆ ಟೆಸ್ಟ್ ಮಾಡ್ಲಿಲ್ಲ. ಅಂದ್ರೆ 2012ರಲ್ಲಿ ಎದ್ದು ಬಂದಿದ್ದು 2003ರಲ್ಲಿ ಮಲಗಿಸಿದ ಫಂಕ್ಷನ್ ಅಲ್ಲ, ಬ್ರೇಕ್ ಕಿತ್ತುಹೋದ ಫಂಕ್ಷನ್.

ಸತ್ತ ಕೋಡ್ ಇದ್ದ ಹಾಗೇ ಇರುತ್ತೆ ಅಂತ ನಾವು ಅಂದ್ಕೊಳ್ಳೋದೇ ತಪ್ಪು. ಸುತ್ತಲಿನ ಕೋಡ್ ಬದಲಾಗ್ತಾ ಹೋದ ಹಾಗೆ ಅದು ಒಳಗೊಳಗೇ ಕೊಳೀತಾ ಇರುತ್ತೆ.

ಮೂರನೇ_ಪಾಳಿ

ಇನ್ನೂ ಎರಡು ಸೇರಿಸಿ. ಪೇಟೆ ತೆರೆಯೋಕೆ ಮುಂಚೆಯೇ, ಬೆಳಿಗ್ಗೆ 8ರ ಸುಮಾರಿಂದ, ‘ಪವರ್ ಪೆಗ್ ಡಿಸೇಬಲ್ಡ್’ ಅಂತ 97 ಈಮೇಲ್ ಒಳಗಿನ ಸಿಬ್ಬಂದಿಗೆ ಹೋಗಿತ್ತು. ಅವು ಅಲರ್ಟ್ ಅಂತ ಯಾರೂ ಗಣನೆಗೆ ತಗೊಂಡಿರಲಿಲ್ಲ. ಆಮೇಲೆ ಗಾಬರಿಯಲ್ಲಿ ಏನು ಮಾಡಿದ್ರು? ಹೊಸ ಕೋಡೇ ಕಾರಣ ಅಂದ್ಕೊಂಡು ಸರಿಯಾಗಿದ್ದ 7 ಸರ್ವರಿಂದ ಅದನ್ನು ತೆಗೆದ್ರು. ಫ್ಲ್ಯಾಗ್ ಹಾಗೇ ಇತ್ತಲ್ಲ, ಆ ಏಳರಲ್ಲೂ ಪವರ್ ಪೆಗ್ ಎದ್ದಿತು. ಒಂದು ಕಡೆ ಹೊತ್ತಿದ್ದ ಬೆಂಕಿ ಎಂಟೂ ಕಡೆಗೆ ಹಬ್ಬಿತು.

ರೋಲ್‌ಬ್ಯಾಕ್ ಅಂದ್ರೆ ಕೋಡ್ ಹಿಂದಕ್ಕೆ ಹೋದ್ರೆ ಸಾಲದು, ಕಾನ್ಫಿಗ್ ಕೂಡ ಅದರ ಜೊತೆ ಹಿಂದಕ್ಕೆ ಹೋಗಬೇಕು. ಎರಡನ್ನೂ ಒಂದೇ ವರ್ಶನ್ ನಂಬರಿಗೆ ಕಟ್ಟಿಡಿ.

ರಾಕೆಟ್_ರಂಗ

ಯುರೋಪಿನ ಏರಿಯಾನ್ 5 ರಾಕೆಟ್ ಮರೀಬೇಡಿ. 1996ರ ಜೂನ್ 4, ಫ್ರೆಂಚ್ ಗಯಾನಾದ ಕೂರೂ. ಮೊದಲ ಹಾರಾಟ, 37 ಸೆಕೆಂಡಿಗೆಲ್ಲ ದಾರಿ ತಪ್ಪಿ ಚೂರಾಯ್ತು. ಏರಿಯಾನ್ 4ರಿಂದ ಎತ್ತಿಕೊಂಡ ಕೋಡಿನಲ್ಲಿ, ನೆಲದ ಮೇಲೆ ನಿಂತಿರುವಾಗ ದಿಕ್ಕು ಹೊಂದಿಸೋ ಒಂದು ಲೆಕ್ಕ ಇತ್ತು. ಏರಿಯಾನ್ 5 ಮೇಲೆದ್ದ ಮೇಲೆ ಆ ಲೆಕ್ಕದಿಂದ ಕವಡೆ ಕಾಸಿನ ಪ್ರಯೋಜನ ಇಲ್ಲ. ಆದ್ರೂ ಹಾರಿದ ಮೇಲೆ ಸುಮಾರು 40 ಸೆಕೆಂಡು ಓಡೋ ಹಾಗೆ ಬಿಟ್ಟಿದ್ರು. ಹೊಸ ರಾಕೆಟ್ಟಿನ ಅಡ್ಡ ವೇಗ ಜಾಸ್ತಿ, 64 ಬಿಟ್ಟಿನ ದಶಮಾಂಶ ಸಂಖ್ಯೆಯನ್ನು 16 ಬಿಟ್ಟಿನ ಪೂರ್ಣಾಂಕಕ್ಕೆ ತುರುಕೋಕೆ ಹೋದಾಗ 32,767 ದಾಟಿ ಉಕ್ಕಿಹೋಯ್ತು. ಬದಲಿ ಕಂಪ್ಯೂಟರ್ ಇತ್ತು, ಅದರಲ್ಲೂ ಅದೇ ಕೋಡು, ಅದೇ ರೀತಿ ಬಿತ್ತು.

ಕಮಿಟ್_ಕಾವೇರಿ

ರಂಗ, ಅದು ಸತ್ತ ಕೋಡ್ ಅಲ್ಲ ಗುರು. ಬದುಕಿತ್ತು, ಕೆಲಸ ಇರಲಿಲ್ಲ.

ರಾಕೆಟ್_ರಂಗ

ಒಪ್ಪಿದೆ. ಸತ್ತಿದ್ದಕ್ಕಿಂತ ಅದೇ ಹೆಚ್ಚು ಅಪಾಯ, ಬಳಕೆ ಹುಡುಕೋ ಟೂಲ್‌ಗೂ ಅದು ಸಿಕ್ಕಿಬೀಳಲ್ಲ.

ಲೆಡ್ಜರ್_ಲತಾ

ಮೇಲಿನ ಪ್ರಶ್ನೆಯಲ್ಲಿರೋ ಜಿಎಸ್‌ಟಿ ಉದಾಹರಣೆ ನೋಡಿ ಭಯ ಆಯ್ತು, ಅದಕ್ಕೆ ಬರೀತಿದ್ದೀನಿ. 12 ಪರ್ಸೆಂಟ್ ಹೋಯ್ತು ಅಂತ 12ರ ಕೋಡ್ ಅಳಿಸಿಬಿಡಬೇಡಿ! ಸೆಪ್ಟೆಂಬರ್ 22ಕ್ಕೆ ಮುಂಚೆ 12 ಪರ್ಸೆಂಟ್ ಹಾಕಿ ಕೊಟ್ಟ ಬಿಲ್ಲಿನ ಸರಕು ವಾಪಸ್ ಬಂದ್ರೆ ಕ್ರೆಡಿಟ್ ನೋಟ್ ಕೂಡ ಹಳೇ ಬಿಲ್ಲಿನ ದರದಲ್ಲೇ ಆಗಬೇಕು. 2025-26ರ ಬಿಲ್ಲಿಗೆ ಸಂಬಂಧಿಸಿದ ಕ್ರೆಡಿಟ್ ನೋಟನ್ನು ರಿಟರ್ನಿನಲ್ಲಿ ತೋರಿಸೋಕೆ 2026ರ ನವೆಂಬರ್ 30ರವರೆಗೂ ಅವಕಾಶ. ಹಳೇ ಬಿಲ್ ಮತ್ತೆ ಪ್ರಿಂಟ್ ತೆಗೆದ್ರೂ ಹಳೇ ದರವೇ ಬರಬೇಕು. ಅಷ್ಟು ದಿನ ಸತ್ತಂತೆ ಕಾಣೋ ಆ ಭಾಗ ಜೀವಂತ.

ಇದಕ್ಕೆ ಮದ್ದು ಒಂದೇ, ದರವನ್ನು ಕೋಡಿನಲ್ಲಿ ಇಡಬೇಡಿ. ಒಂದು ಟೇಬಲ್: ಎಚ್‌ಎಸ್‌ಎನ್ ಕೋಡ್ (ಸರಕಿನ ವರ್ಗದ ಸಂಖ್ಯೆ), ದರ, ಯಾವತ್ತಿಂದ, ಯಾವತ್ತಿನವರೆಗೆ. ಲೆಕ್ಕ ಮಾಡುವಾಗ ಇವತ್ತಿನ ತಾರೀಕು ಹಾಕಬೇಡಿ, ಬಿಲ್ಲಿನ ತಾರೀಕು ಹಾಕಿ. ಆಗ ನಾಲ್ಕು ಫಂಕ್ಷನ್ ಯಾಕೆ, ಒಂದು ಸಾಕು. ಇನ್ನು ಯಾರೂ ಕರೆಯದ ‘ನ್ಯೂಫೈನಲ್’ ವಿಷಯ ಬೇರೆ, ಅದನ್ನು ಇವತ್ತೇ ತೆಗೀರಿ.

ಗೋರಿಕಲ್ಲು

ಎರಡನೇ ಪ್ರಶ್ನೆಗೆ ಬರೋಣ. ಅಳಿಸೋ ಕ್ರಮ.

ಮೊದಲು ಟೂಲ್ ಓಡಿಸಿ. ಪೈಥಾನ್ ಆದ್ರೆ ವಲ್ಚರ್, ಜಾವಾಸ್ಕ್ರಿಪ್ಟ್ ಅಥವಾ ಟೈಪ್‌ಸ್ಕ್ರಿಪ್ಟ್ ಆದ್ರೆ ಕ್ನಿಪ್, ಜಾವಾಗೆ ಇಂಟೆಲಿಜೆಯಲ್ಲೇ ಇದೆ. ಇವು ಕೊಡೋದು ಅನುಮಾನದ ಪಟ್ಟಿ ಮಾತ್ರ, ತೀರ್ಪು ಅಲ್ಲ. ಹೆಸರನ್ನು ಸ್ಟ್ರಿಂಗ್ ಆಗಿ ಕೊಟ್ಟು ಕರೆಯೋದು, ರಿಫ್ಲೆಕ್ಷನ್ (ಓಡುವಾಗಲೇ ಫಂಕ್ಷನ್ ಹುಡುಕಿ ಕರೆಯೋದು), ಎಚ್‌ಟಿಎಂಎಲ್ ಟೆಂಪ್ಲೇಟ್ ಒಳಗಿಂದ ಕರೆಯೋದು, ಕ್ರಾನ್ ಜಾಬ್ (ನಿಗದಿತ ಹೊತ್ತಿಗೆ ತಾನೇ ಓಡೋ ಕೆಲಸ), ಡೇಟಾಬೇಸ್ ಪ್ರೊಸೀಜರ್, ಹೊರಗಿನವರು ನೇರವಾಗಿ ಹೊಡೆಯೋ ಯುಆರ್‌ಎಲ್: ಇವ್ಯಾವೂ ಆ ಟೂಲ್‌ಗಳಿಗೆ ಸರಿಯಾಗಿ ಕಾಣಲ್ಲ. ಅದಕ್ಕೆ ಫಂಕ್ಷನ್ ಹೆಸರನ್ನು ಇಡೀ ರೆಪೊದಲ್ಲಿ (ಪ್ರಾಜೆಕ್ಟಿನ ಕೋಡ್ ಭಂಡಾರ) ಬರೀ ಪಠ್ಯವಾಗಿ ಹುಡುಕಿ. ಕಾನ್ಫಿಗ್ ಫೈಲು, ಶೆಲ್ ಸ್ಕ್ರಿಪ್ಟು, ಎಸ್‌ಕ್ಯೂಎಲ್ ಯಾವುದನ್ನೂ ಬಿಡಬೇಡಿ. ಪಕ್ಕದ ರೆಪೊಗಳಲ್ಲೂ ಹುಡುಕಿ.

ಆಮೇಲೆ ಅನುಮಾನ ಇರೋ ಫಂಕ್ಷನ್ನಿನ ಮೊದಲ ಸಾಲಿಗೆ ಒಂದು ಲಾಗ್ ಹಾಕಿ: ಫಂಕ್ಷನ್ ಹೆಸರು, ಲಾಗ್ ಹಾಕಿದ ತಾರೀಕು, ಯಾರು ಕರೆದ್ರು ಅನ್ನೋ ಸ್ಟ್ಯಾಕ್. ಇಲ್ಲಿ ಎಡವೋದು ಎರಡು ಕಡೆ. ಡೀಬಗ್ ಲೆವೆಲ್‌ನಲ್ಲಿ ಹಾಕಿದ್ರೆ ಪ್ರೊಡಕ್ಷನ್‌ನಲ್ಲಿ ಅದು ಬರೆಯೋದೇ ಇಲ್ಲ, ನೀವು ‘ಯಾರೂ ಕರೆದಿಲ್ಲ’ ಅಂತ ಖುಷಿಯಾಗಿ ಅಳಿಸ್ತೀರಿ. ವಾರ್ನಿಂಗ್ ಲೆವೆಲ್ ಹಾಕಿ, ಒಮ್ಮೆ ಬೇಕಂತಲೇ ಕರೆದು ಲಾಗ್ ಬಂತಾ ನೋಡಿ. ಎರಡನೇದು, ಲಾಗ್ ಉಳಿಸಿಕೊಳ್ಳೋ ಅವಧಿ. 15 ದಿನದ ಲಾಗ್ ಇಟ್ಕೊಂಡು ಮೂರು ತಿಂಗಳು ಕಾದೆವು ಅಂದ್ರೆ ಅರ್ಥ ಇಲ್ಲ. ಲಾಗ್ ಜೊತೆ ಒಂದು ಕೌಂಟರ್ ಇಡಿ.

ಎಷ್ಟು ದಿನ ಕಾಯ್ಬೇಕು? ಲೆಕ್ಕಪತ್ರಕ್ಕೆ ಸೇರಿದ್ದಾದ್ರೆ ಮಾರ್ಚ್ 31 ದಾಟೋ ತನಕ ಮುಟ್ಟಬೇಡಿ, ವರ್ಷಕ್ಕೆ ಒಂದೇ ಸಲ ಓಡೋ ಕೋಡ್ ಇರುತ್ತೆ. ಅಂಗಡಿ ಸಾಫ್ಟ್‌ವೇರ್ ಆದ್ರೆ ದೀಪಾವಳಿ ಸೀಸನ್ ಕಳೀಲಿ. ಶಾಲೆ ಕಾಲೇಜಿಂದಾದ್ರೆ ದಾಖಲಾತಿ ಒಂದು ಸುತ್ತು, ಪರೀಕ್ಷೆ ಒಂದು ಸುತ್ತು. ಬೇರೆ ಮಾಮೂಲಿ ಸ್ಕ್ರೀನಿನ ಕೋಡಿಗೆ ಎರಡು ತಿಂಗಳ ಕೊನೆ ದಾಟಿದ್ರೆ ಸಾಕು.

ಡಿಫ್_ದ್ಯಾಮಣ್ಣ

ಗೋರಿಕಲ್ಲಪ್ಪ ಚಲೋ ಬರದ್ರಿ. ಒಂದು ಮಾತು ಬಿಟ್ಟೀರಿ. ಫಂಕ್ಷನ್ನ ಬರೇ ಟೆಸ್ಟ್ ಅಷ್ಟ ಕರೀತಿದ್ರ ಅದೂ ಸತ್ತದ್ದ. ಟೆಸ್ಟ್ ಯಾವ್ಯಾವ ಸಾಲು ಓಡಸ್ತು ಅಂತ ತೋರಸೂ ಕವರೇಜ್ ರಿಪೋರ್ಟಿನ್ಯಾಗ ಹಸರ ಬಣ್ಣ ಇರತೈತಿ, ಟೂಲೂ ‘ಬಳಕಿ ಐತಿ’ ಅಂತೈತಿ. ಟೆಸ್ಟ್ ಫೋಲ್ಡರ್ ಬಿಟ್ಟು ಒಮ್ಮಿ ಓಡಸ್ರಿ. ಅಳಸೂ ಮುಂದ ಟೆಸ್ಟೂ ಕೂಡೇ ಅಳಸ್ರಿ.

ಹಳೇ_ಬೇರು

ಇಷ್ಟೆಲ್ಲ ಮಾಡಿದ್ರೆ ಅಳಿಸಲಿ, ನನ್ನ ತಕರಾರಿಲ್ಲ. ನಾನು ಹೇಳಿದ್ದು ‘ಬಳಸ್ತಿಲ್ಲ ಅನ್ಸುತ್ತೆ’ ಅಂತ ಶುಕ್ರವಾರ ಸಂಜೆ ಕತ್ತರಿ ಹಾಕೋರ ಬಗ್ಗೆ. ಮತ್ತೆ, ಹೊರಗಿನವರು ಬಳಸೋ ಲೈಬ್ರರಿ ಆದ್ರೆ ನಿಮ್ಮ ಲಾಗಿಗೆ ಏನೂ ಗೊತ್ತಾಗಲ್ಲ. 2016ರ ಮಾರ್ಚ್ 22ಕ್ಕೆ ‘ಲೆಫ್ಟ್‌ಪ್ಯಾಡ್’ ಅನ್ನೋ 11 ಸಾಲಿನ ಪ್ಯಾಕೇಜನ್ನು ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನಿಂದ ತೆಗೆದಾಗ ರಿಯಾಕ್ಟ್, ಬೇಬಲ್ ಇಟ್ಟುಕೊಂಡವರ ಬಿಲ್ಡೆಲ್ಲ ಸಾಲಾಗಿ ಬಿದ್ದವು. ಕೆಲವೇ ಗಂಟೆಯಲ್ಲಿ ಎನ್‌ಪಿಎಂ ಅದನ್ನು ವಾಪಸ್ ತಂದು ಕೂರಿಸಬೇಕಾಯ್ತು. ಹೊರಗಿನವರಿಗೆ ಕೊಟ್ಟಿದ್ದನ್ನ ಮೊದಲು ‘ಡಿಪ್ರಿಕೇಟೆಡ್’ ಅಂತ ಸಾರಿ, ಮುಂದಿನ ಮೇಜರ್ ವರ್ಶನ್‌ನಲ್ಲಿ ತೆಗೀಬೇಕು.

ಬಾವುಟ_ಬಸು

ಫೀಚರ್ ಫ್ಲ್ಯಾಗ್ (ಒಂದು ಫೀಚರನ್ನು ಆನ್, ಆಫ್ ಮಾಡೋ ಸ್ವಿಚ್) ಬಗ್ಗೆ ಯಾರೂ ಗಟ್ಟಿಯಾಗಿ ಮಾತಾಡ್ತಿಲ್ಲ, ಈಗಿನ ಅಟ್ಟದ ಸಾಮಾನು ಅಲ್ಲೇ ಇರೋದು. ಆನ್, ಆಫ್ ಎರಡೇ ಸ್ಥಿತಿಯ 10 ಫ್ಲ್ಯಾಗ್ ಇದ್ರೆ ಕೂಡಿಕೆ 1,024. ಅಷ್ಟನ್ನು ಟೆಸ್ಟ್ ಮಾಡೋರು ಯಾರು? ಫ್ಲ್ಯಾಗ್ ನೂರಕ್ಕೆ ನೂರು ಆನ್ ಆಗಿ ಒಂದು ತಿಂಗಳಾದ್ರೆ ‘ಎಲ್ಸ್’ ಕಡೆಯ ಕೋಡ್ ಸತ್ತ ಹಾಗೆ.

ಫ್ಲ್ಯಾಗ್ ಹುಟ್ಟಿಸುವಾಗಲೇ ಅದಕ್ಕೆ ವಾರಸುದಾರರ ಹೆಸರು, ಮುಗಿಯೋ ತಾರೀಕು ಬರೀರಿ. ತಾರೀಕು ದಾಟಿದ್ರೆ ಬಿಲ್ಡ್ ಫೇಲ್ ಆಗ್ಲಿ. ಮತ್ತೆ, ಒಮ್ಮೆ ಬಳಸಿದ ಹೆಸರು ಅಥವಾ ಬಿಟ್ ಸಂಖ್ಯೆಯನ್ನು ಎಂದೆಂದಿಗೂ ಮರುಬಳಕೆ ಮಾಡಬೇಡಿ. ಡೇಟಾದ ರೂಪ ಬರೆದಿಡೋ ಪ್ರೋಟೊಬಫ್‌ನಲ್ಲಿ ‘ರಿಸರ್ವ್ಡ್’ ಅನ್ನೋ ಪದ ಇರೋದೇ ಇದಕ್ಕೆ, ತೆಗೆದ ಫೀಲ್ಡಿನ ನಂಬರನ್ನು ಅಲ್ಲಿ ಬರೆದಿಟ್ರೆ ಬೇರೆಯವರು ಅದನ್ನು ಹಾಕೋಕೆ ಹೋದಾಗ ಕಂಪೈಲರ್ರೇ ತಡೆಯುತ್ತೆ.

ಮೂರನೇ_ಪಾಳಿ

ಬಸು ಅಣ್ಣ, ಬಿಲ್ಡ್ ಫೇಲ್ ಮಾಡೋದು ಬೇಡ. ರಾತ್ರಿ 2 ಗಂಟೆಗೆ ಪೇಮೆಂಟ್ ನಿಂತುಹೋಗಿ ಹಾಟ್‌ಫಿಕ್ಸ್ (ತುರ್ತು ತಿದ್ದುಪಡಿ) ಕಳಿಸುವಾಗ, ಯಾವುದೋ ಬ್ಯಾನರ್ ಫ್ಲ್ಯಾಗಿನ ತಾರೀಕು ಅವತ್ತೇ ಮುಗಿದಿದೆ ಅಂತ ಬಿಲ್ಡ್ ಬಿದ್ರೆ? ನಿದ್ದೆಗಣ್ಣಲ್ಲಿ ಇರೋರು ತಾರೀಕನ್ನ 2099ಕ್ಕೆ ತಳ್ಳಿ ಕೈತೊಳೆದುಕೊಳ್ತಾರೆ. ದಿನಾ ಬೆಳಿಗ್ಗೆ ಬೇರೆಯಾಗಿ ಓಡೋ ಒಂದು ಜಾಬ್ ಇಡಿ, ಅದು ವಾರಸುದಾರರ ಹೆಸರಿಗೆ ಟಿಕೆಟ್ ತೆಗೀಲಿ.

ಬಾವುಟ_ಬಸು

ಟಿಕೆಟ್ ಬ್ಯಾಕ್‌ಲಾಗಿನಲ್ಲಿ ಧೂಳು ಹಿಡಿಯುತ್ತೆ. ಸರಿ, ನಡುವಿನ ದಾರಿ: ಹಾಟ್‌ಫಿಕ್ಸ್ ಬ್ರ್ಯಾಂಚಿಗೆ ತಡೆ ಬೇಡ, ಹೊಸ ಫ್ಲ್ಯಾಗ್ ಸೇರಿಸೋ ಪುಲ್ ರಿಕ್ವೆಸ್ಟಿಗೆ (ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಮಾತ್ರ ತಡೆ. ಹಳೇದು ತೆಗೆಯದೆ ಹೊಸದು ಸೇರಿಸೋ ಹಾಗಿಲ್ಲ.

ಮೂರನೇ_ಪಾಳಿ

ಇದು ಸರಿ. ಇದಕ್ಕೆ ಒಪ್ಪಿಗೆ.

ಒತ್ತಕ್ಷರ

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಆದ್ರೂ ಹೇಳ್ಲೇಬೇಕು. ಕನ್ನಡ ಪಠ್ಯ ಸಂಸ್ಕರಿಸೋ ಕೋಡಿನಲ್ಲಿ ‘ಇದು ಯಾಕಿದೆ’ ಅನ್ನಿಸೋ ಸಾಲುಗಳನ್ನು ಕನ್ನಡ ಗೊತ್ತಿಲ್ಲದವರು ಅಳಿಸಿ ಹಾಳು ಮಾಡ್ತಾರೆ. ಹಳೇ ನುಡಿ, ಬರಹ ಫಾಂಟಿನ ಪಠ್ಯವನ್ನು ಯುನಿಕೋಡಿಗೆ ತರೋ ಕನ್ವರ್ಟರ್ ತಗೊಳ್ಳಿ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣೋ ಕ್ರಮದಲ್ಲಿ, ಅಕ್ಷರದ ಆಮೇಲೆ ಕೂರುತ್ತೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ, ‘ರ್’ ಮೊದಲು. ಆ ಅದಲುಬದಲು ಮಾಡೋ ಐದಾರು ಸಾಲು ‘ಸುಮ್ಮನೆ ಇದೆ’ ಅಂತ ತೆಗೆದ್ರೆ ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗುತ್ತೆ. ಎಷ್ಟು ವೆಬ್‌ಸೈಟುಗಳಲ್ಲಿ ಈ ‘ಕಾಯರ್ಕ್ರಮ’ ನೋಡಿಲ್ಲ ನೀವು?

ಇನ್ನೊಂದು, ಕಣ್ಣಿಗೆ ಕಾಣದ ಅಕ್ಷರ. ‘ರಾಜ್‌ಕುಮಾರ್’ ಹೀಗೆ ಬಿಡಿಸಿ ಕಾಣೋಕೆ ‘ಜ್’ ಆದ್ಮೇಲೆ ಅಗಲವಿಲ್ಲದ ಒಂದು ತಡೆಗುರುತು ಬೇಕು. ಕ್ಲೀನಪ್ ಹೆಸರಲ್ಲಿ ಅದನ್ನು ಕಿತ್ತರೆ ‘ರಾಜ್ಕುಮಾರ್’ ಅಂತ ಒತ್ತು ಬಂದುಬಿಡುತ್ತೆ. ಹುಡುಕಾಟಕ್ಕೆ ಇಂಡೆಕ್ಸ್ ಮಾಡುವಾಗ ಕೀಳಿ, ತೋರಿಸೋ ಪಠ್ಯದಲ್ಲಿ ಕೀಳಬೇಡಿ. ಎರಡಕ್ಕೂ ಬೇರೆ ಬೇರೆ ಕಾಲಂ ಇರಲಿ.

ಕಮಿಟ್_ಕಾವೇರಿ

ಒತ್ತಕ್ಷರದವರೇ, ಹಾಗಾದ್ರೆ ಕನ್ವರ್ಟರ್ ಶಾಶ್ವತವಾಗಿ ಆ್ಯಪ್ ಒಳಗೇ ಇರಬೇಕಾ?

ಒತ್ತಕ್ಷರ

ಬೇಡ. ಪುಟ ತೆರೆದಾಗಲೆಲ್ಲ ಹಳೇ ದಾಖಲೆ ಪರಿವರ್ತಿಸೋದೇ ತಪ್ಪು ಕ್ರಮ. ಡೇಟಾವನ್ನೇ ಒಂದು ಸಲ ಪೂರ್ತಿ ಬದಲಿಸಿ. ಮೂಲ ಪಠ್ಯವನ್ನು ಬೇರೆ ಕಾಲಂನಲ್ಲಿ ಹಾಗೇ ಇಟ್ಟುಕೊಳ್ಳಿ, ನೂರು ದಾಖಲೆ ಕನ್ನಡ ಓದೋರ ಕೈಲಿ ಓದಿಸಿ. ಅರ್ಕಾವತ್ತು, ದೀರ್ಘ, ಒತ್ತಕ್ಷರ, ಅಂಕಿ, ಈ ನಾಲ್ಕು ಕಡೆ ಕಣ್ಣಿಡಿ. ಸರಿ ಅನ್ನಿಸಿದ ಮೇಲೆ ಕನ್ವರ್ಟರನ್ನು ಬೇರೆ ರೆಪೊಗೆ ಟೆಸ್ಟ್ ಸಮೇತ ಸಾಗಿಸಿ, ಆ್ಯಪ್‌ನಿಂದ ತೆಗೆಯಿರಿ.

ಅಟ್ಟದ_ಇಲಿ

ಎಲ್ಲರಿಗೂ ಧನ್ಯವಾದ. ಇನ್ನೊಂದು ಉಳೀತು. ಕೋಡ್ ಆಯ್ತು, ಡೇಟಾಬೇಸಿನ ಸತ್ತ ಕಾಲಂ? ಅದಕ್ಕೆ ರಿವರ್ಟ್ ಇಲ್ಲವಲ್ಲ.

ಸರ್ವರ್_ಸಾವಿತ್ರಿ

ಇಲ್ಲ, ಅದಕ್ಕೇ ಅವಸರ ಬೇಡ. ಕ್ರಮ ಹೀಗೆ: ಮೊದಲ ರಿಲೀಸಿನಲ್ಲಿ ಆ ಕಾಲಂ ಓದೋದನ್ನ ನಿಲ್ಲಿಸಿ. ಎರಡನೇ ರಿಲೀಸಿನಲ್ಲಿ ಬರೆಯೋದನ್ನ ನಿಲ್ಲಿಸಿ. ಬರೆಯೋದು ನಿಲ್ಲಿಸೋ ಮುಂಚೆ ಅದು ಖಾಲಿ ಇರೋಕೆ ಒಪ್ಪುತ್ತಾ ನೋಡಿ, ‘ನಾಟ್ ನಲ್’ ಇದ್ದು ಡೀಫಾಲ್ಟ್ ಇಲ್ಲದಿದ್ರೆ ಇನ್ಸರ್ಟ್ ಎಲ್ಲ ಬಿದ್ದುಹೋಗುತ್ತೆ. ಡ್ರಾಪ್ ಮಾಡೋದು ಮೂರನೇದರಲ್ಲಿ. ಒಂದೇ ರಿಲೀಸಿನಲ್ಲಿ ಕೋಡೂ ಕಾಲಮ್ಮೂ ತೆಗೆದ್ರೆ, ಸರ್ವರ್‌ಗಳು ಒಂದೊಂದಾಗಿ ಅಪ್‌ಡೇಟ್ ಆಗ್ತಿರುವಾಗ ಹಳೇ ಕೋಡ್ ಓಡ್ತಿರೋ ಸರ್ವರ್ ಆ ಕಾಲಂ ಕೇಳಿ ಎರರ್ ಕೊಡುತ್ತೆ. ರೈಲ್ಸ್ (ರೂಬಿ ಭಾಷೆಯ ವೆಬ್ ಚೌಕಟ್ಟು) ಬಳಸೋರು ‘ಇಗ್ನೋರ್ಡ್ ಕಾಲಮ್ಸ್’ಗೆ ಸೇರಿಸಿ ಒಂದು ರಿಲೀಸ್ ಬಿಟ್ಟು ತೆಗೀರಿ, ಅದು ಕಾಲಂ ಪಟ್ಟಿ ನೆನಪಲ್ಲಿ ಇಟ್ಕೊಂಡಿರುತ್ತೆ.

ಮೈಎಸ್‌ಕ್ಯೂಎಲ್ 8.0.23ರಿಂದ ಈಚೆಗೆ ಕಾಲಮ್ಮನ್ನು ‘ಇನ್‌ವಿಸಿಬಲ್’ ಮಾಡಬಹುದು. ಆಗ ‘ಸೆಲೆಕ್ಟ್ ಸ್ಟಾರ್’ಗೆ ಅದು ಬರಲ್ಲ, ಹೆಸರು ಹಿಡಿದು ಕೇಳಿದ್ರೆ ಬರುತ್ತೆ. ಎರಡು ವಾರ ಹಾಗೆ ಇಟ್ಟು ಯಾರು ಕೂಗ್ತಾರೆ ನೋಡಿ.

ಲೆಡ್ಜರ್_ಲತಾ

ಡ್ರಾಪ್ ಮಾಡೋ ಮುಂಚೆ ಆ ಕಾಲಂ ಜೊತೆ ಪ್ರೈಮರಿ ಕೀ ಸೇರಿಸಿ ಬೇರೆ ಟೇಬಲ್ಲಿಗೆ ಕಾಪಿ ತೆಗೆದಿಡಿ. ಬರೀ ಆ ಕಾಲಂ ಕಾಪಿ ಮಾಡಿದ್ರೆ ಯಾವ ಬೆಲೆ ಯಾವ ಸಾಲಿಂದು ಅಂತ ವಾಪಸ್ ಜೋಡಿಸೋಕೆ ಆಗಲ್ಲ. ಆಮೇಲೆ ಎಕ್ಸೆಲ್‌ನಿಂದ ನೇರವಾಗಿ ಡೇಟಾಬೇಸಿಗೆ ಕನೆಕ್ಟ್ ಆಗೋ ಅಕೌಂಟ್ಸ್ ವಿಭಾಗದವರನ್ನು ಹೋಗಿ ಕೇಳಿ. ಅವರ ಕ್ವೆರಿ ಯಾವ ರೆಪೊದಲ್ಲೂ ಇರಲ್ಲ.